ಮನೆ ಖಾಲಿ ಮಾಡುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ಪಡೆಯುವುದು ಹೇಗೆ

ಬೆಂಗಳೂರಿನಲ್ಲಿ ಐದಾರು ತಿಂಗಳ ಬಾಡಿಗೆ, ಕೆಲವು ಕಡೆ ಈಗಲೂ ಹತ್ತು ತಿಂಗಳ ಬಾಡಿಗೆ, ಅಡ್ವಾನ್ಸ್ ಆಗಿ ಓನರ್ ಹತ್ತಿರ ಇರುತ್ತದೆ. ಬಹಳಷ್ಟು ಓನರ್‌ಗಳು ಆ ದುಡ್ಡನ್ನು ಖರ್ಚು ಮಾಡಿಕೊಂಡಿರುತ್ತಾರೆ. ಮುಂದೆ ಬರುವವರ ಅಡ್ವಾನ್ಸ್ ಕೈಸೇರಿದ ಮೇಲೆ ಅದರಲ್ಲೇ ನಿಮ್ಮದನ್ನು ತೀರಿಸುತ್ತಾರೆ. ಆದ್ದರಿಂದ ಮನೆ ಎಷ್ಟು ಬೇಗ ಇನ್ನೊಬ್ಬರಿಗೆ ಕುದುರುತ್ತದೋ ನಿಮ್ಮ ಹಣವೂ ಅಷ್ಟು ಬೇಗ ಬರುತ್ತದೆ. ಮನೆ ನೋಡಲು ಬರುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಬೇಡಿ. ಭಾನುವಾರ ಇಷ್ಟರಿಂದ ಇಷ್ಟು ಗಂಟೆಯೊಳಗೆ ಬರಲಿ ಎಂದು ಹೇಳಿಬಿಡಿ.

ಮೊದಲು ಅಗ್ರಿಮೆಂಟ್ ತೆಗೆದು ಮೂರು ಷರತ್ತು ಓದಿ: ನೋಟಿಸ್ ಎಷ್ಟು ತಿಂಗಳು, ಲಾಕ್-ಇನ್ (ಇಷ್ಟು ತಿಂಗಳಿಗೆ ಮುಂಚೆ ಖಾಲಿ ಮಾಡುವಂತಿಲ್ಲ ಎಂಬ ಷರತ್ತು) ಇದೆಯೇ, ಪೇಂಟಿಂಗ್‌ಗೆ ಎಷ್ಟು ಕಡಿತ. ನೋಟಿಸನ್ನು ಬಾಯಲ್ಲಿ ಹೇಳಿದರೆ ಸಾಲದು. 'ಇಂಥ ತಾರೀಖಿಗೆ ಖಾಲಿ ಮಾಡುತ್ತೇವೆ, ಅಂದೇ ಅಡ್ವಾನ್ಸ್ ಇಷ್ಟು ರೂಪಾಯಿ ಹಿಂತಿರುಗಿಸಬೇಕು' ಎಂದು ವಾಟ್ಸಾಪ್‌ನಲ್ಲೂ ಇಮೇಲ್‌ನಲ್ಲೂ ಬರೆದು, 'ಸರಿ' ಎಂಬ ಉತ್ತರ ತರಿಸಿಕೊಳ್ಳಿ. ಮುಂದೆ ತಕರಾರು ಬಂದರೆ ಕೈಹಿಡಿಯುವುದು ಆ ಒಂದು ಉತ್ತರ.

ಅತಿ ಹೆಚ್ಚು ದುಡ್ಡು ಹೋಗುವುದು ಪೇಂಟಿಂಗ್ ಹೆಸರಿನಲ್ಲಿ. ಒಂದು ತಿಂಗಳ ಬಾಡಿಗೆ ಕಡಿತ ಎಂದು ಅಗ್ರಿಮೆಂಟ್‌ನಲ್ಲಿ ಬರೆದು ನೀವು ಸಹಿ ಹಾಕಿದ್ದರೆ ಅದನ್ನು ತಪ್ಪಿಸುವುದು ಕಷ್ಟ. ಹೆಚ್ಚೆಂದರೆ ಬಿಲ್ ತೋರಿಸಿ ಖರ್ಚಾದಷ್ಟೇ ಹಿಡಿಯಿರಿ ಎಂದು ಕೇಳಬಹುದು. ಷರತ್ತೇ ಇಲ್ಲದಿದ್ದರೆ ಮಾತು ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಸಹಜ ಬಳಕೆಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಬಣ್ಣ ಮಾಸುವುದು ಸವೆತ. ಮಕ್ಕಳು ಕ್ರೇಯಾನ್‌ನಲ್ಲಿ ಗೀಚಿದ ಗೋಡೆ ಸವೆತವಲ್ಲ. ಹೊಸ ಮನೆಗೆ ಹೋಗುವಾಗ ಈ ಷರತ್ತನ್ನು ಸಹಿಗೆ ಮುಂಚೆಯೇ ಚರ್ಚಿಸಿ, ಆಮೇಲೆ ಚೌಕಾಶಿಗೆ ಜಾಗ ಇರುವುದಿಲ್ಲ.

ಖಾಲಿ ಮಾಡುವ ಎರಡು ವಾರ ಮುಂಚೆ ಓನರನ್ನು ಕರೆದು ಕೋಣೆ ಕೋಣೆ ತೋರಿಸಿ, ಏನೇನು ಸರಿಮಾಡಬೇಕು ಎಂದು ಆಗಲೇ ಬರೆದುಕೊಳ್ಳಿ. ನೀವೇ ರಿಪೇರಿ ಮಾಡಿಸಿದರೆ ನೂರರ ಲೆಕ್ಕದಲ್ಲಿ ಮುಗಿಯುವುದು, ಅಡ್ವಾನ್ಸ್‌ನಲ್ಲಿ ಹಿಡಿದರೆ ಸಾವಿರಕ್ಕೆ ಏರುತ್ತದೆ. ಫ್ಯಾನ್ ನಿಧಾನ ತಿರುಗುತ್ತಿದೆ ಎಂದು ಹೊಸ ಫ್ಯಾನಿನ ಬೆಲೆ ಕೇಳುವವರಿದ್ದಾರೆ. ಆದರೆ ಎಷ್ಟೋ ಸಲ ಕೆಟ್ಟಿರುವುದು ಒಳಗಿನ ಕೆಪಾಸಿಟರ್ ಮಾತ್ರ. ಸಾಮಾನ್ಯ ಸೀಲಿಂಗ್ ಫ್ಯಾನಿಗೆ 2.5 ಮೈಕ್ರೋಫ್ಯಾರಡ್‌ನದು ಇರುತ್ತದೆ. ಹಳೆಯದರ ಮೇಲೆ ಅಚ್ಚಾಗಿರುವ ಅಂಕಿ ನೋಡಿ ಅದೇ ಅಳತೆಯದನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ.

ಮೊಳೆ ತೂತುಗಳಿಗೆ ವಾಲ್ ಪುಟ್ಟಿ ತುಂಬಿ, ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ. ಅದರ ಮೇಲೆ ಹೊಸ ಬಣ್ಣದ ತೇಪೆ ಹಚ್ಚಲು ಹೋಗಬೇಡಿ: ಹಳೆ ಗೋಡೆಯ ಬಣ್ಣ ಮಾಸಿರುವುದರಿಂದ ಅದೇ ಶೇಡ್ ತಂದರೂ ಎದ್ದು ಕಾಣುತ್ತದೆ, ಆಗ ಇಡೀ ಗೋಡೆಯ ಖರ್ಚು ನಿಮ್ಮ ತಲೆಗೆ ಬರುತ್ತದೆ.

ಬಾತ್‌ರೂಮಿನ ನಲ್ಲಿಗಳ ಮೇಲೆ ಬೋರ್‌ವೆಲ್ ನೀರಿನ ಬಿಳಿ ಪದರ ಕೂತಿದ್ದರೆ ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಪುಡಿ) ಕರಗಿಸಿ, ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ, ಇಪ್ಪತ್ತು ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಬಾಟಲಿಯಲ್ಲಿ ಸಿಗುವ ಆಸಿಡ್ ಸುರಿಯಬೇಡಿ. ಅದು ಕ್ರೋಮ್ ಹೊಳಪನ್ನೇ ತಿಂದುಹಾಕುತ್ತದೆ, ಟೈಲ್ಸ್ ನಡುವಿನ ಸಿಮೆಂಟನ್ನೂ ಸವೆಸುತ್ತದೆ. ಮಾರ್ಬಲ್ ಇದ್ದಲ್ಲಿ ನಿಂಬೆ ಉಪ್ಪೂ ಬೇಡ.

ಕರೆಂಟ್ ವಿಚಾರದಲ್ಲಿ ಎರಡು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು, ಗೃಹಜ್ಯೋತಿ. ಆ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ನಿಮ್ಮ ಆಧಾರ್ ಜೋಡಣೆಯಾಗಿದ್ದರೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಮಾಡಿಸಿ. ಇಲ್ಲವಾದರೆ ಮುಂದಿನವರಿಗೂ ತೊಂದರೆ, ಹೊಸ ಮನೆಯಲ್ಲಿ ನಿಮಗೂ ತೊಂದರೆ. ಇನ್ನೊಂದು, ಬೆಸ್ಕಾಂ ಕೇಳುವ ಹೆಚ್ಚುವರಿ ಭದ್ರತಾ ಠೇವಣಿ. ಅದು ಬಳಸಿದ ಕರೆಂಟಿನ ಹಣವಲ್ಲ. ಓನರ್ ಹೆಸರಿನ ಮೀಟರ್ ಖಾತೆಯಲ್ಲೇ ಜಮೆಯಾಗಿ ಉಳಿಯುತ್ತದೆ. ಅದನ್ನು ನೀವು ಕಟ್ಟಿದ್ದರೆ ರಸೀದಿ ತೋರಿಸಿ ವಾಪಸ್ ಕೇಳಿ. ಕೊನೆಯ ದಿನ ಮೀಟರಿನ ಫೋಟೋ ತೆಗೆದು, ಹಿಂದಿನ ಬಿಲ್ಲಿನ ರೀಡಿಂಗ್ ಕಳೆದು, ಉಳಿದ ಯೂನಿಟ್‌ಗಳ ಹಣ ಅಲ್ಲೇ ಲೆಕ್ಕ ಹಾಕಿ. ನೀರು ಮತ್ತು ಮೇಂಟೆನೆನ್ಸ್‌ಗೂ ಹೀಗೇ. ಅಪಾರ್ಟ್‌ಮೆಂಟಾದರೆ ಅಸೋಸಿಯೇಷನ್‌ನಿಂದ ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಳ್ಳಿ.

ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಒಂದು ವಾರ ಮುಂಚೆಯೇ ಮಾತಾಡಿ. ಯುಪಿಐನಲ್ಲಿ ಒಬ್ಬರಿಂದೊಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ. ಹೊಸ ಖಾತೆ ಸೇರಿಸಿದ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಎಷ್ಟೋ ಬ್ಯಾಂಕುಗಳು ಬಿಡುವುದಿಲ್ಲ. ಲಾರಿ ಕೆಳಗೆ ನಿಂತಿರುವಾಗ 'ಇವತ್ತು ಲಿಮಿಟ್ ಮುಗೀತು, ಉಳಿದದ್ದು ನಾಳೆ ಹಾಕ್ತೀನಿ' ಎಂಬ ಮಾತು ಕೇಳಬಾರದೆಂದರೆ ನಿಮ್ಮ ಖಾತೆಯನ್ನು ಮುಂಚೆಯೇ ಸೇರಿಸಿಟ್ಟುಕೊಳ್ಳಲು ಹೇಳಿ.

ಕೊನೆಯ ದಿನ ಮನೆ ಖಾಲಿಯಾದ ಮೇಲೆ ಎಲ್ಲ ಕೋಣೆಗಳ ವಿಡಿಯೋ ಮಾಡಿ, ನಲ್ಲಿ, ಸ್ವಿಚ್, ಗೀಸರ್ ಎಲ್ಲ ಹಾಕಿ ತೋರಿಸಿ. ಹಣ ಖಾತೆಗೆ ಬಿದ್ದದ್ದನ್ನು ನೋಡಿಕೊಂಡೇ ಕೀ ಕೊಡಿ. ಓನರ್ ಹತ್ತಿರ ನಿಜವಾಗಿಯೂ ದುಡ್ಡಿಲ್ಲದಿದ್ದರೆ ಬಾಕಿ ಮೊತ್ತ ಮತ್ತು ಕೊಡುವ ತಾರೀಖು ಬರೆಸಿ ಸಹಿ ಹಾಕಿಸಿ, ಆ ತಾರೀಖಿನ ಚೆಕ್ ಇಸ್ಕೊಳ್ಳಿ. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೋ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ಅದು ತಲುಪಿ 15 ದಿನವಾದರೂ ಹಣ ಬರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು ಕೊಡಬಹುದು. ಚೆಕ್ಕೂ ಇಲ್ಲ, ಫೋನೂ ಎತ್ತುವುದಿಲ್ಲ ಎಂದಾದರೆ ವಕೀಲರ ಮೂಲಕ ಸ್ಪೀಡ್ ಪೋಸ್ಟ್‌ನಲ್ಲಿ ಲೀಗಲ್ ನೋಟಿಸ್ ಕಳಿಸಿ. ಹಣ ವಸೂಲಿಯ ದಾವೆಗೆ ಮೂರು ವರ್ಷದ ಕಾಲಮಿತಿ ಇದೆ, ಅಲ್ಲಿಯವರೆಗೂ ಅಗ್ರಿಮೆಂಟ್, ವಿಡಿಯೋ, ವಾಟ್ಸಾಪ್ ಚಾಟ್ ಯಾವುದನ್ನೂ ಅಳಿಸಬೇಡಿ.