ನಾಯಿಮರಿ ತರುವವರಿಗೆ: 14ನೇ ವಾರದೊಳಗೆ ಲೋಕ ತೋರಿಸಿ
ಒಂದು ತಿಂಗಳಿಗೇ ಮರಿಯನ್ನು ತಾಯಿಯಿಂದ ಬಿಡಿಸಿ ಮಾರುವವರಿದ್ದಾರೆ, ದಯವಿಟ್ಟು ಒಪ್ಪಬೇಡಿ. ಎರಡು ವಾರದ ಹೊತ್ತಿಗೆ ಮರಿ ಕಣ್ಣು ಬಿಡುತ್ತೆ, ಮೂರನೇ ವಾರಕ್ಕೆ ಕಿವಿ ಕೇಳಿಸುತ್ತೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತೆ ಅನ್ನೋದನ್ನು ಆಮೇಲೆ ಒಡಹುಟ್ಟಿದ ಮರಿಗಳ ಜತೆ ಆಡುತ್ತಲೇ ಕಲಿಯೋದು. ಆ ಪಾಠ ನಾವು ಹೇಳಿಕೊಡೋದು ಕಷ್ಟ. 8 ವಾರ ತುಂಬಿದ ಮೇಲೇ ತನ್ನಿ.

ಸುಮಾರು 3ರಿಂದ 12–14ನೇ ವಾರದವರೆಗೆ ಮರಿ ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತೆ. ಆಮೇಲೆ ಹೊಸದೆಂದರೆ ಅನುಮಾನ, ಭಯ. ನಮ್ಮ ಹಳೇ ನಾಯಿಯನ್ನು ಲಸಿಕೆ ಮುಗಿಯೋವರೆಗೂ ಮನೆಯೊಳಗೇ ಇಟ್ಟಿದ್ವಿ. ಹೆಲ್ಮೆಟ್ ಹಾಕಿದವರನ್ನು ಕಂಡರೆ ಅದು ಕೊನೇವರೆಗೂ ನಡುಗುತ್ತಿತ್ತು. ನೆನೆದರೆ ಈಗಲೂ ಸಂಕಟವಾಗುತ್ತೆ.

ಪಾರ್ವೋ (ಮರಿಗಳ ಜೀವಕ್ಕೇ ಕುತ್ತು ತರೋ, ವಾಂತಿ-ಭೇದಿಯ ವೈರಸ್ ರೋಗ) ಭಯ ನಿಜವೇ. ಲಸಿಕೆ ಪೂರ್ತಿ ಆಗೋ ತನಕ ಬೀದಿಯಲ್ಲಿ, ಪಾರ್ಕಲ್ಲಿ ನೆಲಕ್ಕೆ ಬಿಡಬೇಡಿ. ಆದರೆ ಎತ್ತಿಕೊಂಡು ಹೋಗಬಹುದಲ್ಲ! ಗೇಟ್ ಹತ್ತಿರ ಹತ್ತು ನಿಮಿಷ ಮಡಿಲಲ್ಲಿಟ್ಟುಕೊಂಡು ಕೂತರೆ ಸಾಕು: ಆಟೋ, ತರಕಾರಿ ಗಾಡಿಯವರ ಕೂಗು, ಕೊಡೆ ಹಿಡಿದವರು, ಶಾಲೆ ಮಕ್ಕಳು ಎಲ್ಲಾ ಕಾಣುತ್ತೆ. ಮಿಕ್ಸಿ, ಕುಕ್ಕರ್ ವಿಶಲ್ ದೂರದಿಂದ ಕೇಳಿಸಿ, ಅದೇ ಹೊತ್ತಿಗೆ ಬೇಯಿಸಿದ ಕೋಳಿಯ ಚೂರು ಕೊಡಿ (ಮೂಳೆ, ಮಸಾಲೆ ಬೇಡ). ಪಟಾಕಿ ಸದ್ದನ್ನು ಮೊಬೈಲಲ್ಲಿ ತೀರಾ ಸಣ್ಣಗೆ ಹಾಕಿ. ಬಾಲ ಮುದುರಿ ಹಿಂದೆ ಸರಿದರೆ ತಕ್ಷಣ ದೂರ ಕರೆದೊಯ್ಯಿರಿ. ಬಲವಂತ ಮಾಡಿದರೆ ಹೆದರಿಕೆ ಇನ್ನೂ ಗಟ್ಟಿಯಾಗುತ್ತೆ.

ಪಂಜ, ಕಿವಿ, ಬಾಯಿ ದಿನಾ ಮುಟ್ಟಿ ನೋಡಿ, ಮುಂದೆ ಉಗುರು ಕತ್ತರಿಸುವಾಗ ಒದ್ದಾಡಲ್ಲ. ಪರಿಚಯದವರ ಮನೆಯಲ್ಲಿ ಲಸಿಕೆ ಹಾಕಿಸಿದ ಶಾಂತ ಸ್ವಭಾವದ ನಾಯಿ ಇದ್ದರೆ ಅದರ ಜತೆ ಆಡಲು ಬಿಡಿ.