ನಾನೇ ರಬ್ಬರ್ ಶೀಟ್ ಮಾಡಲು ಕಲಿತದ್ದು

ಸುಳ್ಯದ ಕಡೆ ನಮ್ಮ ಗುಡ್ಡೆಯಲ್ಲಿ ಮೂರು ಎಕ್ರೆ ರಬ್ಬರ್ ಇದೆ. ಟ್ಯಾಪಿಂಗಿಗೆ, ಅಂದರೆ ತೊಗಟೆ ಕೊಯ್ದು ರಬ್ಬರ್ ಹಾಲು ಇಳಿಸುವ ಕೆಲಸಕ್ಕೆ, ಜನ ಸಿಗದಾದಾಗ ನಾನೇ ಕತ್ತಿ ಹಿಡಿದೆ. ಕಲಿಸಿಕೊಟ್ಟವರು, ಭಾರತ–ಶ್ರೀಲಂಕಾ ನಡುವಿನ 1964ರ ಒಪ್ಪಂದದ ಬಳಿಕ ಅಲ್ಲಿಂದ ಇಲ್ಲಿನ ಸರಕಾರಿ ರಬ್ಬರ್ ತೋಟಕ್ಕೆ ಬಂದ ಕುಟುಂಬದ ಒಬ್ಬ ಅಣ್ಣ. "ತೊಗಟೆ ಮಾತ್ರ ಕೊಯ್ಯಿರಿ, ಮರಕ್ಕೆ ತಾಗಬಾರದು" ಎಂದು ನೂರು ಸಲ ಹೇಳಿರಬೇಕು.

ಹೆಪ್ಪುಗಟ್ಟಿಸಲು ಆಸಿಡ್ ಹಾಕಿದಾಗ ಹಾಲು ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣು, ಆಗುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ಆ ಕೆಲಸವನ್ನು ಮರ ಮೊದಲೇ ಮುಗಿಸಿರುತ್ತದೆ. ಐದು ಕಾರ್ಬನ್ನಿನ ಐಸೊಪ್ರೀನ್ ಘಟಕಗಳನ್ನು ಸಾವಿರಾರು ಸಂಖ್ಯೆಯಲ್ಲಿ ಪೋಣಿಸಿ ಉದ್ದ ಸರಪಳಿ ಮಾಡಿ, ಅವನ್ನು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲಿಬಿಟ್ಟಿರುತ್ತದೆ. ಕಣದ ಮೇಲಿನ ಪ್ರೋಟೀನಿಗೆ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಆಸಿಡ್ ಆ ವಿದ್ಯುದಂಶವನ್ನು ಅಳಿಸುತ್ತದೆ, ಕಣಗಳು ಒಟ್ಟು ಸೇರಿ ಹೆಪ್ಪಾಗುತ್ತವೆ.

ಹಾಲಿಗೆ ನೀರು ಸೇರಿಸಿ ರಬ್ಬರಿನ ಅಂಶವನ್ನು ಶೇ. 12.5ಕ್ಕೆ ಇಳಿಸುತ್ತೇನೆ. ಒಂದು ತಟ್ಟೆಗೆ 4 ಲೀಟರ್ ಹೊಯ್ದರೆ ಅರ್ಧ ಕಿಲೋದ ಶೀಟ್. ಫಾರ್ಮಿಕ್ ಆಸಿಡನ್ನು ನೀರಿಗೆ ಹಾಕಿ ತೆಳು ಮಾಡಿಯೇ ಬಳಸಬೇಕು. ಬೇಗ ಆಗಲಿ ಎಂದು ಮೊದಲ ವಾರ ಹೆಚ್ಚು ಸುರಿದೆ. ಹೆಪ್ಪು ಗಟ್ಟಿಯಾಗಿ ಮೆಷಿನ್ನಿನ ರೋಲರಿಗೆ ಸಿಗಲೇ ಇಲ್ಲ, ಎರಡು ದಿನದ ಹಾಲು ಹೋಯಿತು. ಸರಿಯಾದ ಹೆಪ್ಪು ಬೆರಳಿಟ್ಟರೆ ಗಿಣ್ಣಿನ ಹಾಗೆ ತಗ್ಗಿ ಮೇಲೇಳುತ್ತದೆ. ಅದನ್ನು 3 ಮಿ.ಮೀ.ಗೆ ಒತ್ತಿ, ಹೊಗೆಗೂಡಿನಲ್ಲಿ ಸುಮಾರು ನಾಲ್ಕು ದಿನ ತೂಗುಹಾಕುತ್ತೇನೆ.

ಕೊಯ್ದ ಗೀರಿನ ಮೇಲೆ ಒಣಗಿದ ಪಟ್ಟಿಯನ್ನು ಬಿಡಿಸಿ, ಥಟ್ಟನೆ ಎಳೆದು ತುಟಿಗೆ ತಾಗಿಸಿ ನೋಡಿ: ಬೆಚ್ಚಗಿರುತ್ತದೆ. ಸುರುಳಿ ಸುತ್ತಿಕೊಂಡಿದ್ದ ಸರಪಳಿಗಳು ಎಳೆದಾಗ ಸಾಲಾಗಿ ನಿಂತು ಶಾಖ ಬಿಡುತ್ತವೆ. ಮಕ್ಕಳಿಗೆ ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಪಾಠ ಗೊತ್ತಿಲ್ಲ.

ಕಚ್ಚಾ ರಬ್ಬರ್ ಬಿಸಿಲಿಗೆ ಅಂಟು, ಚಳಿಗೆ ಬಿರುಸು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದಾಗ ಸರಪಳಿಗಳ ನಡುವೆ ಅಡ್ಡ ಕೊಂಡಿ ಬಿದ್ದು ಆ ತೊಂದರೆ ನೀಗಿತು. ಅದೇ ಕೊಂಡಿಯಿಂದಾಗಿ ಹಳೆ ಟಯರನ್ನು ಪ್ಲಾಸ್ಟಿಕ್ ಕೊಡದ ಹಾಗೆ ಕರಗಿಸಿ ಮತ್ತೆ ಎರಕ ಹೊಯ್ಯಲು ಆಗುವುದಿಲ್ಲ.

ಆದರೆ ಟಯರಿನ ಕಸಕ್ಕಿಂತ ಮೊದಲು ನನ್ನ ತೋಟದ ಕಸದ ಲೆಕ್ಕ ಹೇಳಬೇಕು. ಹೆಪ್ಪು ಹಿಂಡಿದ ಹುಳಿನೀರನ್ನು ಎರಡು ವರ್ಷ ತೋಡಿಗೇ ಬಿಟ್ಟೆ. ಅದರಲ್ಲಿರುವ ಪ್ರೋಟೀನು, ಸಕ್ಕರೆ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತವೆ. ವಾಸನೆಗೆ ಕೆಳಗಿನ ಮನೆಯ ಅಕ್ಕ ಬಂದು ಹೇಳಿದ ಮೇಲೆಯೇ ನನಗೆ ನಾಚಿಕೆಯಾದದ್ದು. ಈಗ ಸುಣ್ಣ ಹಾಕಿ ಹುಳಿ ತಗ್ಗಿಸಿ, ಸ್ವಲ್ಪ ಸ್ವಲ್ಪವೇ ಗೋಬರ್ ಗ್ಯಾಸ್ ಗುಂಡಿಗೆ ಬಿಡುತ್ತೇನೆ.

ಮಳೆಗಾಲದ ಪ್ಲಾಸ್ಟಿಕ್ ಇನ್ನೂ ಕಷ್ಟ. ಗೀರಿಗೆ ನೀರು ಇಳಿಯದಂತೆ ಪ್ರತಿ ಮರಕ್ಕೂ ಪಾಲಿಥಿನ್ ಲಂಗ ಕಟ್ಟುತ್ತೇವೆ. ಬಿಸಿಲಿಗೆ ಅದು ಚೂರಾಗಿ ತರಗೆಲೆಯೊಳಗೆ ಸೇರುತ್ತದೆ. ತರಗೆಲೆ ಒಂದೆರಡು ಮಳೆಗಾಲದಲ್ಲಿ ಮಣ್ಣಾದರೂ ಪ್ಲಾಸ್ಟಿಕ್ ಚೂರು ಹಾಗೆಯೇ ಉಳಿಯುತ್ತದೆ. ಈ ಸಲ ಹರಿಯುವ ಮೊದಲೇ, ಮಳೆ ನಿಂತ ವಾರವೇ ಎಲ್ಲ ಬಿಚ್ಚಿಸಿದೆ. ಡಾಂಬರಿನ ಗೋಂದು ಅಂಟಿದೆ ಎಂದು ಗುಜರಿಯವರು ತೆಗೆದುಕೊಳ್ಳಲಿಲ್ಲ. ಸುಡಲು ಮನಸ್ಸಿಲ್ಲ. ನಾಲ್ಕು ಗೋಣಿ ತುಂಬಿ ಹೊಗೆಗೂಡಿನ ಹಿಂದೆ ಇಟ್ಟಿದ್ದೇನೆ. ಅಂಟಿನ ಅಂಚನ್ನು ಕತ್ತರಿಸಿ ಬೇರೆ ಮಾಡಿಕೊಟ್ಟರೆ ನೋಡೋಣ ಎಂದಿದ್ದಾರೆ. ಒಂದು ಗೋಣಿ ಮುಗಿದಿದೆ.