ಕಾರಿಲ್ಲದೆ ಲ್ವಾರ್ ಕಣಿವೆ: ನನ್ನ ಅನುಭವ

ಫ್ರಾನ್ಸಿನ ಲ್ವಾರ್ ಕಣಿವೆಯ ಅರಮನೆಗಳನ್ನು ಕಾರಿಲ್ಲದೆ ನೋಡೋಕಾಗಲ್ಲ ಅಂತ ಹೇಳದವರೇ ಇರಲಿಲ್ಲ. ಲೋಕಲ್ ರೈಲು, ಬಾಡಿಗೆ ಸೈಕಲ್ ಎರಡರಲ್ಲೇ ಆಯಿತು. ಕಾರಿನವರು ಟೋಲ್, ಪಾರ್ಕಿಂಗ್, ಪೆಟ್ರೋಲಿಗೆ ಸುರಿಯುವ ದುಡ್ಡು ನನಗೆ ವೈನ್ ಬಾಟಲಿಗಳಿಗೆ ಸಾಕಾಯಿತು.

ಠಿಕಾಣಿ ತೂರ್ ನಗರದಲ್ಲೇ ಹಾಕಿ. ಪಕ್ಕದ ಆಂಬ್ವಾಜ್ ಊರು ನೋಡಲು ಚೆಂದ, ಆದರೆ ಶೆನಾನ್ಸೊ, ಅಜೇ-ಲ-ರಿದೋ, ಶಿನೋನ್ ಎಂಬ ಅರಮನೆಯೂರುಗಳ ಕಡೆಯ ರೈಲುಗಳು ಸಿಗುವುದು ತೂರ್‌ನಲ್ಲಿ. ಪ್ಯಾರಿಸ್‌ನಿಂದ ಅತಿವೇಗದ ಟಿಜಿವಿ ರೈಲಿನಲ್ಲಿ ಒಂದು, ಒಂದೂಕಾಲು ಗಂಟೆ. ಹೆಚ್ಚಿನ ಗಾಡಿಗಳು ಪಕ್ಕದ ಸ್ಯಾನ್ ಪಿಯೆರ್ ದೆ ಕೋರ್‌ನಲ್ಲೇ ಇಳಿಸುತ್ತವೆ, ಅಲ್ಲಿಂದ ಶಟಲ್ 5 ನಿಮಿಷ.

ಎಲ್ಲರೂ ಎಡವುವುದು ಗಾಳಿಯ ವಿಷಯದಲ್ಲಿ. ಗಾಳಿ ಸಾಮಾನ್ಯವಾಗಿ ಅಟ್ಲಾಂಟಿಕ್ ಕಡೆಯಿಂದ, ಪಶ್ಚಿಮದಿಂದ ಬೀಸುತ್ತದೆ. ತೂರ್‌ನಿಂದ ಪಶ್ಚಿಮಕ್ಕಿರುವ ವಿಲಾಂದ್ರಿ ಅರಮನೆಗೆ ಬೆಳಿಗ್ಗೆ ಪೆಡಲ್ ತುಳಿದು ಹೊರಟರೆ ದಾರಿ ಸಪಾಟಾಗಿದ್ದರೂ ತೊಡೆ ಸೋಲುತ್ತದೆ. ತಿರುಗಿಸಿ ಹಾಕಿ: ಸೈಕಲನ್ನು ರೈಲಿಗೆ ಹತ್ತಿಸಿ ಅಜೇಗೆ ಹೋಗಿ, ಆಂದ್ರ್ ಹೊಳೆಯ ನಡುವಿನ ಅರಮನೆ ಮುಗಿಸಿ, ಸುಮಾರು 11 ಕಿ.ಮೀ. ತುಳಿದು ವಿಲಾಂದ್ರಿ ತೋಟ ಸೇರಿ. ಅಲ್ಲಿಂದ ತೂರ್ ತನಕ ಶೇರ್ ನದಿ ದಂಡೆಯಲ್ಲಿ 18ರಷ್ಟು ಕಿ.ಮೀ., ಗಾಳಿಯೇ ತಳ್ಳಿಕೊಂಡು ಬರುತ್ತದೆ. ಬೋಗಿಯಲ್ಲಿ ಸೈಕಲ್ ಕೊಕ್ಕೆ ಕಡಿಮೆ, ಬೇಸಿಗೆಯಲ್ಲಿ ಮೊದಲ ಗಾಡಿಯೇ ಹಿಡಿಯಬೇಕು. ಬಾಡಿಗೆ ದಿನಕ್ಕೆ 18 ಯೂರೋ ಆಸುಪಾಸು, ಎಲೆಕ್ಟ್ರಿಕ್ಕಿಗೆ ಅದರ ಎರಡರಷ್ಟು. ಇಷ್ಟು ದೂರಕ್ಕೆ ಅದು ವ್ಯರ್ಥ ಖರ್ಚು.

ಶೆನಾನ್ಸೊ ಸ್ಟೇಷನ್ ಅರಮನೆ ಗೇಟಿನ ಪಕ್ಕದಲ್ಲೇ ಇದೆ, ಆದರೆ ರೈಲು ಬೆರಳೆಣಿಕೆಯಷ್ಟು. ವಾಪಸು ಗಾಡಿಯ ಸಮಯ ನೋಡಿಕೊಳ್ಳದೆ ಒಳಗೆ ಕಾಲಿಟ್ಟರೆ ಮಧ್ಯಾಹ್ನವೆಲ್ಲ ಪ್ಲಾಟ್‌ಫಾರಂ ಪಾಲು. ಶಾಂಬೋರ್ ಅರಮನೆಗೆ ಮಾತ್ರ ಬ್ಲ್ವಾ ಊರಿನಲ್ಲಿ ಇಳಿದು ಸೈಕಲ್ ಹಿಡಿಯಿರಿ. 440ರಷ್ಟು ಕೋಣೆಗಳಿವೆ, ಎಲ್ಲ ನೋಡುವ ಹಟ ಬೇಡ. ಜೋಡಿ ಸುರುಳಿ ಮೆಟ್ಟಿಲು ಹತ್ತಿ ಚಾವಣಿಗೆ ಹೋಗಿ, ಸಾಕು.

ವೈನ್ ದಿನ ಬೇರೆಯೇ ಇರಲಿ, ಬಸ್ಸಿನಲ್ಲಿ. ಕುಡಿತದ ಮಿತಿ ಸೈಕಲ್ಲಿನವರಿಗೂ ಅನ್ವಯ, ದಂಡ ಹಗುರವಲ್ಲ. ತೂರ್ ಪಕ್ಕದ ವೈನ್ ಊರು ವೂವ್ರೇಯಲ್ಲಿ ಸುಣ್ಣಕಲ್ಲು ಕೊರೆದ ನೆಲಮಾಳಿಗೆಗಳು ವರ್ಷವಿಡೀ 12 ಡಿಗ್ರಿಯ ಆಸುಪಾಸು, ಜುಲೈನಲ್ಲೂ ಸ್ವೆಟರ್ ಬೇಕು. 12ರಿಂದ 2ರವರೆಗೆ ಬಾಗಿಲು ಹಾಕಿರುತ್ತಾರೆ, ಬೆಲ್ ಒತ್ತಿ ಪ್ರಯೋಜನವಿಲ್ಲ. ಅಲ್ಲಿನ ಬಿಳಿ ದ್ರಾಕ್ಷಿ ಶೆನಿನ್ ಬ್ಲಾಂಕಿನ ವೈನನ್ನು ಸೆಕ್ (ಸಿಹಿಯಿಲ್ಲದ್ದು), ದೆಮಿ-ಸೆಕ್ (ನಸುಸಿಹಿ), ಮ್ವಲ್ಯೋ (ಸಿಹಿ) ಇದೇ ಸಾಲಿನಲ್ಲಿ ಕೇಳಿ. ಸಿಹಿ ಮೊದಲಾದರೆ ನಂತರದ್ದೆಲ್ಲ ಬರೀ ಹುಳಿ. ಬಾಟಲಿ 10–15 ಯೂರೋಗೆ ಒಳ್ಳೆಯದೇ ಸಿಗುತ್ತದೆ. ಹಳೆಯ ದೆಮಿ-ಸೆಕ್ ಸುರಿದು ಕೊಡುವ ಗುಹೆ ಯಾವುದೆಂದು ಮಾತ್ರ ಕೇಳಬೇಡಿ.

ಒಂದು ಅಡ್ಡ ಪ್ರಯೋಗ: ಸೇಂಟ್-ಮೋರ್ ಮೇಕೆ ಚೀಸ್ ಬಿಲ್ಲೆಯ ಮೇಲೆ ಮನೆಯ ಚಟ್ನಿಪುಡಿ, ಜೊತೆಗೆ ದೆಮಿ-ಸೆಕ್. ಖಾರವನ್ನು ಆ ನಸುಸಿಹಿ ಚೆನ್ನಾಗಿ ಹಿಡಿಯುತ್ತದೆ. ಶಿನೋನ್‌ನ ಕೆಂಪು ವೈನ್ ಜೊತೆ ನಡೆಯಲಿಲ್ಲ, ಬಾಯಿ ಒಗರು. ಚೀಸ್ ಅಸಲಿಯೋ ಎಂದು ನೋಡಲು ನಡುವಿನ ಹುಲ್ಲುಕಡ್ಡಿ ಎಳೆಯಿರಿ, ಅದರ ಮೇಲೆ ಹೆಸರೂ ತಯಾರಕರ ಸಂಖ್ಯೆಯೂ ಕೊರೆದಿರುತ್ತದೆ.

ಭಾರತಕ್ಕೆ ತರಲು ಸುಂಕವಿಲ್ಲದ ಮಿತಿ ತಲೆಗೆ 2 ಲೀಟರ್, ಅಂದರೆ 750 ಮಿ.ಲೀ.ನ 2 ಬಾಟಲಿ. ಚೆಕ್-ಇನ್ ಬ್ಯಾಗಿನ ನಟ್ಟನಡುವೆ, ಬಟ್ಟೆಯಲ್ಲಿ ಸುತ್ತಿಡಿ.